ನನ್ನ ಸವತಿ ನಲವತ್ತೊಂದು

ನನಗೊಬ್ಬಳು ಸವತಿ ಇದ್ದಳು. ಬಣ್ಣ ಮಾಸಿದ ಕೆಂಪು, ಮೈತುಂಬ ಗೀರು, ಏರು ಹತ್ತುವಾಗ ಊರಿಗೆಲ್ಲ ಕೇಳುವಂಥ ಏದುಸಿರು. ಹೆಸರಿಲ್ಲ, ನಂಬರು ನಲವತ್ತೊಂದು. ಸರ್ಕಾರವೇ ತಂದು ನನ್ನ ಗಂಡನಿಗೆ ಕಟ್ಟಿದ ಸವತಿಯಾದ್ದರಿಂದ ಯಾರಿಗೂ ದೂರು ಕೊಡುವ ಹಾಗಿರಲಿಲ್ಲ.

ನಮ್ಮವರು ನಗರ ಸಾರಿಗೆಯಲ್ಲಿ ಡ್ರೈವರು. ಸ್ಟೇಷನ್ನಿನಿಂದ ದೊಡ್ಡಾಸ್ಪತ್ರೆಗೆ, ಆಸ್ಪತ್ರೆಯಿಂದ ಸ್ಟೇಷನ್ನಿಗೆ, ಇಷ್ಟೇ ಅವರ ಪ್ರಪಂಚ. ಮನೆಯಲ್ಲಿ ಉಂಡ ತಟ್ಟೆ ಎತ್ತಿಟ್ಟವರಲ್ಲ. ಕೈ ತೊಳೆದ ನೀರು ಎಲ್ಲಿ ಹೋಗುತ್ತದೆ ಎಂದೂ ನೋಡಿದವರಲ್ಲ. ಅದೇ ಮನುಷ್ಯ ಡಿಪೋಗೆ ಹೋದರೆ ಬಕೆಟ್ ಹಿಡಿದು ನಲವತ್ತೊಂದರ ಮುಂದಿನ ಗಾಜನ್ನು ತಾನೇ ಒರೆಸುತ್ತಿದ್ದರು. ಗಾಜು ಒರೆಸಲು ಬೇರೆ ಆಳಿದ್ದರೂ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನಮ್ಮ ಕ್ವಾರ್ಟರ್ಸಿನ ಹೆಂಗಸರು ಇವರನ್ನು ನೋಡಿಯೇ ಕಲಿತಿರಬೇಕು.

ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪರದೆ, ಸೋಫಾ ಗವಸು ಹೊಲಿದುಕೊಡುತ್ತೇನೆ. ಒಮ್ಮೆ ಡಾಕ್ಟರರೊಬ್ಬರ ಮನೆಯ ಸೋಫಾ ಹೊಲಿದು ಮುಗಿಸಿದಾಗ ಕಡುಹಸಿರು ವೆಲ್ವೆಟ್ಟಿನ ಒಂದು ತುಂಡು ಉಳಿಯಿತು. ಡಾಕ್ಟರರ ಹೆಂಡತಿ ನೀನೇ ಇಟ್ಟುಕೋ ಎಂದರು. ದಿನವಿಡೀ ಮಿಷನ್ ಮುಂದೆ ಮರದ ಕುರ್ಚಿಯಲ್ಲಿ ಕೂತು ನನ್ನ ಸೊಂಟ ಬಿದ್ದುಹೋಗಿತ್ತು. ಅದಕ್ಕೊಂದು ದಿಂಬು ಮಾಡಿಕೊಳ್ಳೋಣ ಎಂದು ಎತ್ತಿಟ್ಟಿದ್ದೆ. ಇವರು ಅದನ್ನು ನೋಡಿದರು, ಕೈಯಲ್ಲಿ ಸವರಿದರು.

"ಇದು ಡ್ರೈವರ್ ಸೀಟಿಗೆ ಸರಿಯಾಗುತ್ತೆ ಕಣೇ" ಎಂದರು.

ನನ್ನ ಸೊಂಟದ ಮಾತು ಎತ್ತಿದೆ. "ನಿನ್ನ ಕುರ್ಚಿ ಕುಲುಕಲ್ಲ, ನನ್ನ ಸೀಟು ಕುಲುಕುತ್ತೆ" ಎಂದರು. ಮಾರನೆಯ ದಿನವೇ ನಾನು ದಿಂಬು ಹೊಲಿದೆ, ಸವತಿ ಅದರ ಮೇಲೆ ಅವರನ್ನು ಕೂರಿಸಿಕೊಂಡಳು.

ಒಂದೇ ಒಂದು ಸಲ ನಾನು ಆ ಬಸ್ಸಿನ ಮುಂದಿನ ಒಂಟಿ ಸೀಟಿನಲ್ಲಿ ಕೂತಿದ್ದೆ, ಇವರ ಪಕ್ಕಕ್ಕೆ, ಇಂಜಿನ್ನಿನ ಬಿಸಿಗೆ. ಹೊಸದಾಗಿ ಮದುವೆಯಾಗಿ ಬಂದವಳ ಹಾಗೆ ಖುಷಿಯಾಗಿತ್ತು. ಇವರು ತಲೆಯ ಮೇಲಿದ್ದ ಫಲಕ ತೋರಿಸಿದರು. ಚಾಲಕರೊಡನೆ ಮಾತನಾಡಬೇಡಿ ಎಂದು ಬರೆದಿತ್ತು.

"ಮಾತಾಡಲ್ಲ ಬಿಡ್ರೀ" ಎಂದೆ.

"ಅದು ನಿನ್ನ ಕೈಲಾಗೋ ಕೆಲ್ಸ ಅಲ್ಲ. ಹಿಂದೆ ಹೋಗಿ ಕೂತ್ಕೋ."

ಹಿಂದೆ ಹೋಗಿ ಕೂತೆ. ಬಸ್ಸು ಆಸ್ಪತ್ರೆಯ ಏರಿಗೆ ಬಂದಾಗ ಮುಂದಿನಿಂದ ಇವರ ದನಿ ಕೇಳಿಸಿತು. "ಬಾ ತಾಯಿ, ಬಾ. ಇನ್ನೇನು ಬಂದ್ಬಿಡ್ತು. ಹಾ, ಜಾಣೆ." ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಒಂದು ಸಲವೂ ಜಾಣೆ ಎಂದವರಲ್ಲ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದವಳು ಮತ್ತೆ ಆ ಬಸ್ಸು ಹತ್ತಲಿಲ್ಲ. ಆ ದಾರಿಯಲ್ಲಿ ಹೋಗಬೇಕಾದರೆ ನಡೆದೇ ಹೋಗುತ್ತಿದ್ದೆ.

ಈಗ ಡ್ರೈವರುಗಳ ಒಂದು ವಾಡಿಕೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಬಸ್ಸು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗ ಬರೀ ಕೀಲಿಕೈ ಕೊಟ್ಟರೆ ಸಾಲದು. ಇಬ್ಬರೂ ಮುಂದಿನ ಚಕ್ರದ ಹತ್ತಿರ ನಿಂತುಕೊಳ್ಳಬೇಕು. ಕೊಡುವವನು ತೆಗೆದುಕೊಳ್ಳುವವನಿಗೆ ಬಸ್ಸಿನ ಗುಣ ಹೇಳಬೇಕು. ಎರಡನೇ ಗೇರಿಗೆ ಸ್ವಲ್ಪ ತಡಿ, ಬಾಗಿಲಿಗೆ ಕೆಳಗೊಂದು ಒದಿ, ಹಾರ್ನು ತಿರುವಿನಲ್ಲಿ ಕೈಕೊಡುತ್ತೆ, ಹೀಗೆ. ಎಲ್ಲ ಬಾಯಿಮಾತು. ಇದಕ್ಕೆ ಗುಣ ಹೇಳುವುದು ಎಂದೇ ಹೆಸರು. ಹೆಣ್ಣು ಕೊಡುವ ಮನೆಯವರೂ ಇಷ್ಟು ಪ್ರಾಮಾಣಿಕವಾಗಿ ಗುಣ ಹೇಳುವುದಿಲ್ಲ.

ನಲವತ್ತೊಂದರ ಗುಣವೆಂದರೆ ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುವುದು. ಕಾಲು ಒತ್ತುವಾಗಲೇ ಕೈ ಸ್ಟೇರಿಂಗನ್ನು ಬಲಕ್ಕೆ ಜಗ್ಗಬೇಕು. ವರ್ಕ್‌ಶಾಪಿಗೆ ಹಾಕಿದರೆ ಸರಿಯಾಗುವ ರೋಗವೇ. ಆದರೆ ವರ್ಕ್‌ಶಾಪಿಗೆ ಹೋದ ಬಸ್ಸು ಅದೇ ಡ್ರೈವರಿಗೆ ವಾಪಸು ಬರುತ್ತದೆ ಎಂದು ಯಾರೂ ಮಾತು ಕೊಡುತ್ತಿರಲಿಲ್ಲ. ಹಾಗಾಗಿ ತಮ್ಮ ಬಸ್ಸನ್ನು ಪ್ರೀತಿಸುವ ಡ್ರೈವರುಗಳು ಅದರ ಮೇಲೆ ದೂರು ಹೇಳುವುದೇ ಇಲ್ಲ. ನಮ್ಮವರಂತೂ ಆ ಎಳೆತವನ್ನು ಬೀಗದ ಹಾಗೆ ಇಟ್ಟುಕೊಂಡಿದ್ದರು. ಇವರ ರಜೆಯ ದಿನ ಓಡಿಸಿದವನು ಸಂಜೆ ಬೆವರು ಒರೆಸಿಕೊಳ್ಳುತ್ತ ಬಂದು, "ತಗೊಳ್ಳಪ್ಪಾ, ನಿನ್ನ ರಾಣಿ ನಿನಗೇ ಇರ್ಲಿ" ಎನ್ನುತ್ತಿದ್ದ. ಅವತ್ತು ಇವರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಇನ್ನು ಆಮೇಲಣ್ಣನ ವಿಷಯ. ಅವನು ಮೊದಲು ಇದೇ ನಲವತ್ತೊಂದರಲ್ಲಿ ಇವರ ಜೊತೆ ಕಂಡಕ್ಟರಾಗಿದ್ದವನು. ಚಿಲ್ಲರೆ ಕೇಳಿದವರಿಗೆಲ್ಲ "ಆಮೇಲೆ ಕೊಡ್ತೀನಿ, ಇಳಿಯುವಾಗ ಇಸ್ಕೊಳ್ಳಿ" ಎನ್ನುವನು. ಇಳಿಯುವಾಗ "ರೈಟ್ ರೈಟ್" ಎಂದು ಸೀಟಿ ಊದಿಬಿಡುವನು. ಹೆಸರು ಹಾಗೆ ಬಂತು. ಮಾತು ಚೆನ್ನಾಗಿತ್ತು. ಯೂನಿಯನ್ನಿಗೆ ನಾಯಕನಾದ, ಯೂನಿಯನ್ನಿನಿಂದ ಪಕ್ಷಕ್ಕೆ ಹೋದ, ಚುನಾವಣೆಗೂ ನಿಂತ. "ನಮ್ಮ ಸರ್ಕಾರ ಬಂದ್ರೆ ನೌಕರರ ಒಂದು ಕೂದಲೂ ಕೊಂಕಲ್ಲ" ಎಂದು ಡಿಪೋ ಗೇಟಿನಲ್ಲಿ ಭಾಷಣ ಮಾಡಿದಾಗ ನಮ್ಮವರು ಅತ್ತೇಬಿಟ್ಟಿದ್ದರು.

ಸರ್ಕಾರಿ ನೌಕರ ಪಕ್ಷದ ಕೆಲಸ ಮಾಡಬಾರದು ಎಂಬ ನಿಯಮವಿದೆ. ಅದಕ್ಕೇ ಇವರು ಮುಖ ಮುಚ್ಚುವ ಹಾಗೆ ಟವೆಲ್ ಸುತ್ತಿಕೊಂಡು ಬೆಳಗಿನ ಜಾವ ಗೋಡೆ ಗೋಡೆಗೆ ಪೋಸ್ಟರ್ ಅಂಟಿಸಿದರು. ಆ ಟವೆಲಿನ ಅಂಚಿಗೆ ನಾನೇ ದಪ್ಪ ದಾರದಲ್ಲಿ ೪೧ ಎಂದು ಕಸೂತಿ ಹಾಕಿಕೊಟ್ಟಿದ್ದೆ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಊರಿಗೆಲ್ಲ ಗೊತ್ತಾಯಿತು. ಎದುರು ಪಕ್ಷದ ಯೂನಿಯನ್ನಿನವರು ದೂರು ಕೊಟ್ಟು ಇವರ ಒಂದು ವರ್ಷದ ಬಡ್ತಿ ತಪ್ಪಿಸಿದರು. ದೂರು ಕೊಟ್ಟವರಲ್ಲಿ ಮೊದಲನೆಯವನು ಇನ್ನೊಬ್ಬ ಡ್ರೈವರು, ಕರ್ಚೀಫು. ಎಲ್ಲಿ ಹೋದರೂ ತನಗೊಂದು ಜಾಗಕ್ಕೆ ಮೊದಲೇ ಕರ್ಚೀಫು ಹಾಕುವ ಜಾತಿ ಅವನದು.

ಆಮೇಲಣ್ಣ ಗೆದ್ದ. ಮಂತ್ರಿಯೂ ಆದ, ಸಾರಿಗೆ ಖಾತೆಯೇ ಸಿಕ್ಕಿತು. ನಮ್ಮ ಬಾಗಿಲಿಗೆ ಉದ್ದನೆಯ ಕೋಲು ನೆಟ್ಟು ಇವರು ಪಕ್ಷದ ಬಾವುಟ ಕಟ್ಟಿದರು. ಫಲಿತಾಂಶದ ಮಾರನೆಯ ಬೆಳಿಗ್ಗೆ ಹಾರ ಹಿಡಿದುಕೊಂಡು ಪಕ್ಷದ ಕಚೇರಿಗೆ ಹೋದರೆ, ಅಲ್ಲಿ ಬಾಗಿಲಲ್ಲೇ ನಿಂತು ಬಂದವರನ್ನು ಬನ್ನಿ ಬನ್ನಿ ಎಂದು ಕರೆಯುತ್ತಿದ್ದವನು ಕರ್ಚೀಫು. ಗಾಳಿ ಬಂದಾಗ ತೂರಿಕೊಳ್ಳುವವರನ್ನು ಕಂಡಿದ್ದೆ. ಗಾಳಿ ಬರುವ ಮೊದಲೇ ಮೊರ ಹಿಡಿದು ನಿಂತವನನ್ನು ಇವನೊಬ್ಬನನ್ನೇ ಕಂಡದ್ದು.

ಸರ್ಕಾರ ಬಂದ ಮೇಲೆ ನಿಯಮಗಳು ಬರತೊಡಗಿದವು. ಮೊದಲು ಹೆಬ್ಬೆಟ್ಟಿನ ಯಂತ್ರ. ಗ್ರೀಸು ಮೆತ್ತಿದ ಹೆಬ್ಬೆಟ್ಟನ್ನು ಅದು ಗುರುತಿಸದು. ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವ ಮೇಸ್ತ್ರಿ ಕೆಲಸ ಮಾಡಿದ ದಿನವೆಲ್ಲ ಗೈರುಹಾಜರಿ, ಕೈ ತೊಳೆದು ಸುಮ್ಮನೆ ಕೂತ ದಿನ ಹಾಜರಿ. "ಅಣ್ಣಂಗೆ ಇದು ಗೊತ್ತಿರಲ್ಲ ಕಣೇ, ಎಲ್ಲ ಅಧಿಕಾರಿಗಳ ಕಿತಾಪತಿ" ಎಂದರು ಇವರು. ಆಮೇಲೆ ಕೊನೆಯ ಸ್ಟಾಪಿನಲ್ಲಿ ಟೀ ಕುಡಿಯಲು ಇದ್ದ ಬಿಡುವು ಹೋಯಿತು. "ಪಾಪ, ಅಣ್ಣನ ಕೈ ಕಟ್ಟಿಹಾಕಿದ್ದಾರೆ" ಎಂದರು. ಕೈ ಕಟ್ಟಿಸಿಕೊಂಡವನು ಅಷ್ಟೊಂದು ಹಾರ ಹೇಗೆ ಹಾಕಿಸಿಕೊಳ್ಳುತ್ತಾನೆ ಎಂದು ಕೇಳಿದ್ದಕ್ಕೆ ನನಗೆ ರಾಜಕೀಯ ತಿಳಿಯದು ಎಂಬ ಉತ್ತರ ಸಿಕ್ಕಿತು.

ಮೂರನೆಯ ನಿಯಮ ಬಂದಾಗ ಅವರು ಅಣ್ಣನ ಪರ ವಹಿಸಲಿಲ್ಲ. ಇನ್ನು ಮುಂದೆ ಯಾವ ಡ್ರೈವರಿಗೂ ಸ್ವಂತ ಬಸ್ಸು ಎಂಬುದಿಲ್ಲ. ಡಿಪೋದಲ್ಲೊಂದು ಕಂಪ್ಯೂಟರ್ ಪರದೆ ಹಾಕುತ್ತಾರೆ, ದಿನಾ ಬೆಳಿಗ್ಗೆ ಅದರಲ್ಲಿ ಯಾವ ನಂಬರು ಬರುತ್ತದೋ ಅದನ್ನು ಓಡಿಸಬೇಕು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಆ ಕೊನೆಯ ದಿನದವರೆಗೆ ನಲವತ್ತೊಂದನ್ನು ಓಡಿಸಿ ಇಳಿಯಬೇಕೆಂಬುದೊಂದೇ ಅವರಿಗಿದ್ದ ಆಸೆ. ಸಂಜೆ ಮನೆಗೆ ಬಂದವರು ಕಂಕುಳಲ್ಲಿ ಹಸಿರು ದಿಂಬು ಹಿಡಿದಿದ್ದರು. ಅದನ್ನು ಅಟ್ಟದ ಮೇಲಿಟ್ಟರು. ನನ್ನ ವೆಲ್ವೆಟ್ಟು ಮನೆಗೆ ವಾಪಸು ಬಂತು, ಆದರೆ ನನ್ನ ಕುರ್ಚಿಗೆ ಬರಲಿಲ್ಲ.

ಮಂತ್ರಿಯ ಮನೆಗೆ ಹೋಗಿ ಕೇಳೋಣ ಎಂದು ನಾನೇ ಹೊರಡಿಸಿದೆ. ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆ ತುಂಬ ಆಮೇಲಣ್ಣ ನಗುವ ಫೋಟೋಗಳು. ಕಾದೆವು. ಒಳಗಿನಿಂದ ಟೀ ಲೋಟ ಹಿಡಿದು ಬಂದವನು ಕರ್ಚೀಫು. "ಏನಣ್ಣ, ಕಾಯ್ತಾ ಇದೀರಾ? ಕೂತ್ಕೊಳಿ ಕೂತ್ಕೊಳಿ. ಅತ್ತಿಗೆ, ನೀವೂ ಕೂತ್ಕೊಳಿ" ಎಂದ. ಸ್ವಂತ ಮನೆಯಲ್ಲಿ ನೆಂಟರಿಗೆ ಹೇಳುವ ಹಾಗೆ ಹೇಳಿದ. ನಮ್ಮವರ ಕಿವಿ ಕೆಂಪಾಯಿತು. ಪಕ್ಷಕ್ಕಾಗಿ ಬಡ್ತಿ ಕಳೆದುಕೊಂಡವರು ಹೊರಗೆ, ಬಡ್ತಿ ತಪ್ಪಿಸಿದವನು ಒಳಗೆ.

ಆಮೇಲಣ್ಣ ಹೊರಗೆ ಬಂದು ಇವರ ಹೆಗಲ ಮೇಲೆ ಕೈ ಹಾಕಿದ. "ನಿಯಮ ಎಲ್ರಿಗೂ ಒಂದೇ ಗುರೂ. ನಿಂಗೊಬ್ಬಂಗೆ ಬಿಟ್ರೆ ನಾಳೆ ಎಲ್ರೂ ಬಂದು ನಿಂತ್ಕೋತಾರೆ. ಸ್ವಲ್ಪ ತಡಿ. ಆಮೇಲೆ ನೋಡೋಣ."

ಮುಂದಿನ ವಾರ ಪರದೆಯಲ್ಲಿ ನಲವತ್ತೊಂದರ ಎದುರು ಕರ್ಚೀಫಿನ ಹೆಸರು ಬಂತು. ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ ಬಂತು. ಯಂತ್ರಕ್ಕೂ ಪಕ್ಷವಿರುತ್ತದೆ ಎಂದು ಡಿಪೋದವರೆಲ್ಲ ನಕ್ಕರು. ಮೊದಲ ದಿನ ಕರ್ಚೀಫು ಮುಂದಿನ ಚಕ್ರದ ಹತ್ತಿರ ಬಂದು ನಿಂತು ಗುಣ ಹೇಳಲಿ ಎಂದು ಕಾದನಂತೆ. ಇವರು ಕೀಲಿಕೈ ಅವನ ಅಂಗೈಗೆ ಹಾಕಿ ಮಾತಾಡದೆ ನಡೆದುಬಿಟ್ಟರಂತೆ. ಇದನ್ನು ಇವರೇ ನನಗೆ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ.

"ಮೊದಲನೇ ಸ್ಟಾಪಲ್ಲೇ ಗೊತ್ತಾಗುತ್ತೆ ಅವನಿಗೆ" ಎಂದರು.

"ಜನ ಇರ್ತಾರಲ್ರೀ ಬಸ್ಸಲ್ಲಿ!"

"ಏನಾಗಲ್ಲ. ಸ್ವಲ್ಪ ಬೆವರು ಬರುತ್ತೆ, ಅಷ್ಟೆ."

ವಾರ ಕಾದರು. ಕರ್ಚೀಫಿಗೆ ಬೆವರು ಬಂದ ಸುದ್ದಿ ಬರಲಿಲ್ಲ. ಇವರಿಗೆ ದಿನಕ್ಕೊಂದು ಬಸ್ಸು, ಯಾವುದರ ಸೀಟೂ ಹಿಡಿಸದು. ನಾನು ಪೇಟೆಗೆ ಹೋಗಿ ಬಂದರೆ ಚೀಲದಲ್ಲೇನಿದೆ ಎಂದು ಕೇಳದವರು ಈಗ ದಾರಿಯಲ್ಲಿ ಯಾವ ಬಸ್ಸು ಕಂಡಿತು ಎಂದು ಕೇಳತೊಡಗಿದರು.

"ನಲವತ್ತೊಂದು ಹೋಗ್ತಾ ಇತ್ತು" ಎಂದೆ ಒಂದು ದಿನ.

"ಏರಲ್ಲಿ ಏದುಸಿರು ಬಿಡ್ತಿತ್ತಾ?"

"ಇಲ್ಲಪ್ಪ. ಆರಾಮಾಗಿ ಹತ್ತಿಹೋಯ್ತು."

ಅವತ್ತು ಅವರು ಅರ್ಧ ಊಟ ಬಿಟ್ಟೆದ್ದರು. ನನಗೆ ಒಳಗೊಳಗೇ ತಂಪಾಗಬೇಕಿತ್ತು. ಸವತಿ ಇನ್ನೊಬ್ಬನ ಜೊತೆ ಹೋದಳಲ್ಲ! ಆದರೆ ಮನೆಯಲ್ಲಿದ್ದ ಸವತಿಗಿಂತ ಓಡಿಹೋದ ಸವತಿಯ ಕಾಟವೇ ಹೆಚ್ಚು. ಮೊದಲಾದರೆ ಸಂಜೆಯ ಮೇಲೆ ಇವರು ನನ್ನವರಾಗಿರುತ್ತಿದ್ದರು. ಈಗ ಹೊತ್ತು ಹೊತ್ತಿಗೂ ಅವಳದೇ ಧ್ಯಾನ. ಅದು ಸಾಲದೆಂಬಂತೆ ಕರ್ಚೀಫಿನ ಹೆಂಡತಿ ನಲವತ್ತೊಂದರ ಮುಂದಿನ ಒಂಟಿ ಸೀಟಿನಲ್ಲಿ ಕೂತು ಗಂಡನ ಜೊತೆ ನಗುತ್ತ ಹರಟುತ್ತ ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಚಾಲಕರೊಡನೆ ಮಾತನಾಡಬೇಡಿ ಎಂಬ ಫಲಕ ಅವಳ ತಲೆಯ ಮೇಲೇ ಇತ್ತು. ಮನೆಗೆ ಬಂದು ಬಾವುಟದ ಕೋಲು ಕಿತ್ತು ಬಟ್ಟೆ ಒಣಹಾಕಲು ಹಿತ್ತಲಿಗೆ ಕಟ್ಟಿದೆ. ಇವರು ನೋಡಿದರು, ಬೇಡ ಎನ್ನಲಿಲ್ಲ.

ಸರ್ಕಾರಕ್ಕೆ ವರ್ಷ ತುಂಬುವ ಹೊತ್ತಿಗೆ ನೌಕರರು ಗೊಣಗುವುದು ಬಿಟ್ಟು ಬಾಯಿಬಿಟ್ಟೇ ಬೈಯತೊಡಗಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಡಿಪೋ ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ ಬರೆದರು. ಆಮೇಲಣ್ಣನಿಗೆ ಆಗ ನಮ್ಮವರ ನೆನಪಾಯಿತು. ಡಿಪೋಗೆ ಬರುತ್ತಾನಂತೆ, ತನ್ನ ಹಳೇ ಬಸ್ಸಿನಲ್ಲಿ ಹಳೇ ಡ್ರೈವರ್ ಜೊತೆ ಕಂಡಕ್ಟರಾಗಿ ಒಂದು ಸುತ್ತು ಹೋಗುತ್ತಾನಂತೆ, ಪತ್ರಿಕೆಯವರು ಫೋಟೋ ತೆಗೆಯುತ್ತಾರಂತೆ. ಫೋನಿನಲ್ಲಿ ತಾನೇ ಮಾತಾಡಿದ.

"ಅವತ್ತಿಂದ ನಲವತ್ತೊಂದು ನಿಂದೇ ಗುರೂ, ರಿಟೈರ್ ಆಗೋವರೆಗೂ. ಆದೇಶ ಆಮೇಲೆ ಬರುತ್ತೆ. ನೀನು ಮೊದಲು ಗಾಡಿ ತೆಗಿ."

ಇವರು ಅಟ್ಟದಿಂದ ದಿಂಬು ಇಳಿಸಿ ಬಿಸಿಲಿಗೆ ಹಾಕಿದರು. ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಮಾಡಿಕೊಂಡರು, ತೋಳು ಸುಟ್ಟುಕೊಂಡರು. ಮದುವೆಯ ದಿನವೂ ಇಷ್ಟು ಸಡಗರ ಪಟ್ಟದ್ದು ನನಗೆ ನೆನಪಿಲ್ಲ.

ಆ ಬೆಳಿಗ್ಗೆ ಕ್ವಾರ್ಟರ್ಸಿನವರೆಲ್ಲ ಡಿಪೋ ಮುಂದೆ ಸೇರಿದ್ದೆವು. ಗೇಟಿಗೆ ಬಿದಿರಿನ ಕಮಾನು ಕಟ್ಟಿದ್ದರು, ಅದರ ಬಲಗಡೆಯ ಕಂಬಕ್ಕೆ ಒರಗಿಸಿ ಕೈಮುಗಿದ ಆಮೇಲಣ್ಣನ ಎತ್ತರದ ಕಟೌಟು. ಕರ್ಚೀಫು ಬಂದು ಕೀಲಿಕೈಯನ್ನು ಇವರ ಅಂಗೈಗೆ ಹಾಕಿದ. ಚಕ್ರದ ಹತ್ತಿರ ಇಬ್ಬರೂ ಒಂದು ಗಳಿಗೆ ನಿಂತರು. ಅವನು ಬಾಯಿ ತೆರೆಯಲಿಲ್ಲ. ಇವರು ಮಾಡಿದ್ದನ್ನೇ ಇವರಿಗೆ ತಿರುಗಿಸಿಕೊಟ್ಟು ನಡೆದ. ಇವರು ನಕ್ಕರು. ತಮ್ಮ ಬಸ್ಸಿನ ಗುಣ ತಮಗೆ ಇನ್ನೊಬ್ಬ ಹೇಳಬೇಕೇ ಎಂಬ ನಗು ಅದು.

ಆಮೇಲಣ್ಣ ಕೊರಳಲ್ಲಿ ಹಾರ, ಕಂಡಕ್ಟರ್ ಚೀಲ ಎರಡನ್ನೂ ಹಾಕಿಕೊಂಡು ಎಡಗಡೆಯ ಫುಟ್‌ಬೋರ್ಡಿನ ಮೇಲೆ ನಿಂತ. "ರೈಟ್ ರೈಟ್" ಎಂದ. ಜನ ಚಪ್ಪಾಳೆ ತಟ್ಟಿದರು. ಬಸ್ಸು ಸಾಲಿನಿಂದ ಹೊರಟು ಗೇಟಿನ ಉಬ್ಬಿನ ಹತ್ತಿರ ಬಂತು. ಇವರ ಕಾಲು ಬ್ರೇಕಿನ ಮೇಲೆ ಹೋಯಿತು, ಜೊತೆಗೇ ಕೈ ಬಲಕ್ಕೆ ಜಗ್ಗಿತು. ಬಸ್ಸು ಎಡಕ್ಕೆ ಎಳೆಯಲಿಲ್ಲ. ಕೈ ಹೇಳಿದ ಕಡೆಗೇ ಹೋಗಿ ಕಮಾನಿನ ಬಲಗಂಬಕ್ಕೆ ಮೂತಿ ಕೊಟ್ಟಿತು. ಬಿದಿರು ಲಟಕ್ಕೆಂದಿತು, ಕೈಮುಗಿದ ಕಟೌಟು ಬಸ್ಸಿನ ಮಾಡಿನ ಮೇಲೆ ಬಿದ್ದು, ಜಾರಿ, ಫುಟ್‌ಬೋರ್ಡಿನಿಂದ ಇಳಿದು ಓಡುತ್ತಿದ್ದ ಆಮೇಲಣ್ಣನ ಬೆನ್ನ ಮೇಲೆ ಬಿತ್ತು. ಆಮೇಲಣ್ಣನ ಕೆಳಗೆ ಆಮೇಲಣ್ಣ. ಯಾರಿಗೂ ಪೆಟ್ಟಾಗಲಿಲ್ಲ, ಬಸ್ಸಿನ ಒಂದು ದೀಪ ಒಡೆಯಿತು. ಫೋಟೋದವರು ತೆಗೆದರು, ತೆಗೆದರು, ಸಾಕಾಗುವಷ್ಟು ತೆಗೆದರು.

ಆಮೇಲೆ ಮೇಸ್ತ್ರಿಗಳ ಗುಂಪಿನಿಂದ ಯಾರೋ ಸೀಟಿ ಹೊಡೆದರು. ಇಡೀ ಡಿಪೋ ಕೂಗತೊಡಗಿತು. ನಮ್ಮವರನ್ನು ಸೀಟಿನಿಂದ ಎಳೆದು ಹೆಗಲ ಮೇಲೆ ಹೊತ್ತುಕೊಂಡರು. ಎಲ್ಲರ ಮನಸ್ಸಿನಲ್ಲಿ ಇದ್ದುದನ್ನು ಇವರೊಬ್ಬರು ಮಾಡಿ ತೋರಿಸಿದರು ಎಂದು ಕುಣಿದರು. ಮಾರನೆಯ ದಿನದ ಪತ್ರಿಕೆಯಲ್ಲಿ ನೌಕರರ ಆಕ್ರೋಶಕ್ಕೆ ಕಮಾನು ಬಲಿ ಎಂದು ದಪ್ಪಕ್ಷರದಲ್ಲಿ ಬಂತು.

ಮನೆಯಲ್ಲಿ ಇವರು ಮಂಚದ ಮೇಲೆ ಕೂತು ಎರಡೂ ಕೈ ನೋಡಿಕೊಳ್ಳುತ್ತಿದ್ದರು.

"ಎಳೀಲಿಲ್ಲ ಕಣೇ" ಎಂದರು.

"ಏನು?"

"ಎಡಕ್ಕೆ ಎಳೀಲಿಲ್ಲ ಅವಳು."

ಇಷ್ಟು ವರ್ಷ ನನ್ನ ಮುಂದೆ ಬಸ್ಸು, ಗಾಡಿ ಎಂದವರು ಅವಳು ಎಂದದ್ದು ಅದೇ ಮೊದಲು. ಕೋಪ ಬರಬೇಕಿತ್ತು, ಬರಲಿಲ್ಲ. ಟೀ ಮಾಡಿಕೊಟ್ಟೆ.

ಇವರು ನೊಂದುಕೊಳ್ಳುತ್ತಾರೆಂದು ಇಷ್ಟು ದಿನ ಮುಚ್ಚಿಟ್ಟಿದ್ದ ವಿಷಯವನ್ನು ಮೇಸ್ತ್ರಿ ಬಂದು ಹೇಳಿದ. ಕರ್ಚೀಫು ಮೊದಲ ದಿನ ಮೊದಲ ಸ್ಟಾಪಿನಲ್ಲೇ ಎಳೆತ ಗುರುತಿಸಿ ಬಸ್ಸನ್ನು ನೇರ ವರ್ಕ್‌ಶಾಪಿಗೆ ತಂದನಂತೆ. ಮಂತ್ರಿಯ ಕಡೆಯವನು, ಯಾರು ತಡೆಯುತ್ತಾರೆ? ಬ್ರೇಕು ಹೊಸದಾಯಿತು, ಇಂಜಿನ್ನಿನ ಏದುಸಿರನ್ನೂ ಸರಿಮಾಡಿದರು, ಸಂಜೆ ಅದೇ ಬಸ್ಸು ಅವನಿಗೇ ವಾಪಸು ಬಂತು. ಇವರು ಹನ್ನೊಂದು ವರ್ಷ ಹೆದರಿಕೊಂಡು ಕೇಳದೇ ಇದ್ದದ್ದನ್ನು ಅವನು ಒಂದೇ ದಿನದಲ್ಲಿ ಕೇಳಿ ಪಡೆದಿದ್ದ.

ಎದುರು ಪಕ್ಷದವರು ಹಾರ ತಂದರು. "ನಿಯಮದ ವಿರುದ್ಧ ಬೇಕಂತಲೇ ಗುದ್ದಿದೆ ಅಂತ ಹೇಳಿ, ನಾವಿದೀವಿ" ಎಂದರು. ಸಂಜೆಯ ಹೊತ್ತಿಗೆ ಆಮೇಲಣ್ಣನ ಫೋನು ಬಂತು. ಅವನಿಗೆ ಇದು ಪ್ರತಿಭಟನೆ ಆಗಬಾರದಿತ್ತು, ಅಷ್ಟೇ.

"ವಿಚಾರಣೇಲಿ ಬ್ರೇಕು ಎಡಕ್ಕೆ ಎಳೀತಿತ್ತು, ಅದಕ್ಕೇ ಬಲಕ್ಕೆ ಜಗ್ಗಿದೆ ಅನ್ನು, ಸಾಕು. ಕರ್ಚೀಫೂ ಹೌದು ಅಂತಾನೆ. ಅವನಿಗೆ ಚೆಕಿಂಗ್ ಇನ್‌ಸ್ಪೆಕ್ಟರ್ ಪೋಸ್ಟು ಮಾಡ್ಕೊಡ್ತಿದೀನಿ, ಎಳೆತ ಮುಚ್ಚಿಟ್ಟದ್ದಕ್ಕೆ ಒಂದು ಎಚ್ಚರಿಕೆ ಪತ್ರದಲ್ಲೇ ಮುಗಿಸ್ತೀನಿ, ಅದು ಅವನಿಗೆ ಲೆಕ್ಕಕ್ಕಿಲ್ಲ. ಮೇಸ್ತ್ರಿಗೂ ಹೇಳಿದೀನಿ. ಬಸ್ಸು ನಿನಗೆ."

ಅತ್ತ ದರಿ, ಇತ್ತ ಪುಲಿ ಎಂಬ ಹಾಗಿದ್ದದ್ದು ಒಂದು ಫೋನಿಗೆ ಹೆದ್ದಾರಿಯಾಯಿತು. ನಾನು ಕುಣಿಯುವುದೊಂದು ಬಾಕಿ. "ಹೌದು ಅಂದ್ಬಿಡಿ ರೀ. ಒಂದೇ ಮಾತು. ಸವತಿ ಮನೆಗೆ ಬರ್ಲಿ, ನಾನೇ ಬಾಗಿಲು ತೆಗೀತೀನಿ" ಎಂದೆ. ಕರ್ಚೀಫಿನ ಹೆಂಡತಿ ಆ ಸೀಟಿನಿಂದ ಏಳುತ್ತಾಳಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು. ಇವರು ಆಯ್ತು ಎಂದು ತಲೆಯಾಡಿಸಿದರು.

ವಿಚಾರಣೆಯ ದಿನ ಊಟದ ಡಬ್ಬಿ ಹಿಡಿದು ನಾನೂ ಹೋದೆ. ಡಿಪೋ ಮ್ಯಾನೇಜರರ ಕೋಣೆಯ ಹೊರಗೆ ಬೆಂಚು, ಬಾಗಿಲು ಅರ್ಧ ತೆರೆದಿತ್ತು. ಫ್ಯಾನು ತಿರುಗುವ ಸದ್ದಿನ ನಡುವೆ ಎಲ್ಲ ಕೇಳುತ್ತಿತ್ತು. ಮೊದಲು ಇವರನ್ನು ಕೇಳಿದರು. ಬ್ರೇಕು ಎಡಕ್ಕೆ ಎಳೀತಿತ್ತು ಸಾರ್ ಎಂದರು ಇವರು, ಪಾಠ ಒಪ್ಪಿಸುವ ಹಾಗೆ. ನನಗೆ ಉಸಿರು ಬಂತು. ಆಮೇಲೆ ಕರ್ಚೀಫನ್ನು ಕೇಳಿದರು.

"ಹೌದು ಸಾರ್. ನನ್ನ ಕೈಯಲ್ಲೂ ಎಳೀತಿತ್ತು. ದಿನಾ ಎಳೀತಿತ್ತು. ನಾನು ಹೇಗೋ ಸಂಭಾಳಿಸಿಕೊಂಡು ಹೋಗ್ತಿದ್ದೆ."

"ಸುಳ್ಳು!"

ಆ ದನಿ ನಮ್ಮವರದೆಂದು ತಿಳಿಯಲು ನನಗೇ ಒಂದು ಕ್ಷಣ ಹಿಡಿಯಿತು. ಎದ್ದು ಬಾಗಿಲಿಗೆ ಬಂದೆ. ಇವರು ನಿಂತುಬಿಟ್ಟಿದ್ದರು, ಕತ್ತಿನ ನರ ಉಬ್ಬಿತ್ತು.

"ಸುಳ್ಳು ಸಾರ್. ಇವನ ಕೈಯಲ್ಲಿ ಎಳೀಲೇ ಇಲ್ಲ. ಒಂದು ದಿನ ಕೂಡ ಎಳೀಲಿಲ್ಲ. ಎಳೀತಿದ್ದದ್ದು ನನಗೆ. ನನಗೆ ಮಾತ್ರ. ಹನ್ನೊಂದು ವರ್ಷ ನಾನು ಹಿಡ್ಕೊಂಡು ಓಡ್ಸಿದೀನಿ. ಇವನು ಎರಡು ಗಂಟೇನೂ ಹಿಡ್ಕೊಳ್ಳಿಲ್ಲ, ರಿಪೇರಿಗೆ ಹಾಕ್ದ. ಈಗ ನನಗೂ ಎಳೀತಿತ್ತು ಅಂತಾನೆ!"

ಮೇಸ್ತ್ರಿ ನೆಲ ನೋಡಿದ. ಮ್ಯಾನೇಜರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಎರಡು ಸಲ ಹೇಳಿದರು. ಇವರು ಕೂರಲಿಲ್ಲ.

"ಹನ್ನೊಂದು ವರ್ಷದಿಂದ ಬ್ರೇಕು ಕೆಟ್ಟಿದ್ದು ಗೊತ್ತಿದ್ದೂ ನೀವು ಹೇಳ್ಲಿಲ್ವಾ?" ಎಂದು ಕೇಳಿದರು.

"ಇಲ್ಲ ಸಾರ್."

"ಜನ ತುಂಬಿದ ಬಸ್ಸು ರೀ ಅದು."

"ಹೌದು ಸಾರ್."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ನಿಯಮ ಮಾತ್ರ ಹೊಸ ಸರ್ಕಾರದ್ದಲ್ಲ, ಹಳೆಯದೇ: ದೋಷ ಮುಚ್ಚಿಟ್ಟವನು ಮತ್ತೆ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ. ಲೈಸೆನ್ಸು ತೆಗೆದುಕೊಂಡು ಇವರನ್ನು ಡಿಪೋದ ಗೇಟು ಕಾಯುವ ಕೆಲಸಕ್ಕೆ ಹಾಕಿದರು. ಎದುರು ಪಕ್ಷದವರು ಹಾರ ವಾಪಸು ಕೇಳಲಿಲ್ಲ, ಆದರೆ ಮತ್ತೆ ಬರಲೂ ಇಲ್ಲ. ಆಮೇಲಣ್ಣ ಫೋನು ಎತ್ತುವುದನ್ನು ನಿಲ್ಲಿಸಿದ. ಬೇಕಂತಲೇ ಗುದ್ದಿದ್ದಲ್ಲ ಎಂದು ತಿಳಿದ ಮೇಲೆ ಹೆಗಲ ಮೇಲೆ ಹೊತ್ತವರೂ ಇವರನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ನಾನು ಮೂರು ದಿನ ಮಾತು ಬಿಟ್ಟೆ. ಗಂಡಸಿಗೆ ಹೊಟ್ಟೆಕಿಚ್ಚಿರಬೇಕು, ಬೇಡವೆನ್ನುವುದಿಲ್ಲ. ಆದರೆ ಕೈಗೆ ಬಂದ ತುತ್ತನ್ನು ಚೆಲ್ಲುವಷ್ಟು ಇರಬೇಕೇ?

ಈಗ ದಿನಾ ಬೆಳಿಗ್ಗೆ ಅವರೇ ಗೇಟು ತೆಗೆಯುತ್ತಾರೆ, ನಲವತ್ತೊಂದು ಹೊರಗೆ ಹೋಗುತ್ತದೆ. ಇನ್‌ಸ್ಪೆಕ್ಟರ್ ಹುದ್ದೆಯನ್ನು ಆಮೇಲೆ ಕೊಡುವುದಾಗಿ ಹೇಳಿರುವುದರಿಂದ ಕರ್ಚೀಫೇ ಇನ್ನೂ ಅದನ್ನು ಓಡಿಸುತ್ತಿದ್ದಾನೆ.

ಕಳೆದ ವಾರ ನನ್ನ ಸೊಂಟ ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ನಡೆಯಲಾಗುತ್ತಿರಲಿಲ್ಲ, ಇವರೂ ಜೊತೆಗೆ ಬಂದರು. ಸ್ಟಾಪಿಗೆ ಬಂದದ್ದು ಅದೇ ಬಸ್ಸು. ಬೇಡ, ಮುಂದಿನದಕ್ಕೆ ಹೋಗೋಣ ಎಂದೆ. ಇವರು ನನ್ನ ತೋಳು ಹಿಡಿದು ಹತ್ತಿಸಿದರು. ಮುಂದಿನ ಒಂಟಿ ಸೀಟಿನಲ್ಲಿ ಕರ್ಚೀಫಿನ ಹೆಂಡತಿ ಇದ್ದಳು. "ಬನ್ನಿ ಅಕ್ಕ, ಇಲ್ಲಿ ಕೂತ್ಕೊಳಿ" ಎಂದು ಏಳಲು ಹೋದಳು. ಬೇಡವೆಂದು ಹಿಂದೆ ಹೋದೆವು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಆ ಬಸ್ಸಿನ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತದ್ದು ಅದೇ ಮೊದಲು.

ಹೊರಟ ಸ್ವಲ್ಪ ಹೊತ್ತಿಗೆ ಇವರು ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರ ಎದುರಿಗೆ! ನನಗೆ ನಾಚಿಕೆಯಾಯಿತು, ಕೋಪವೆಲ್ಲ ಇಳಿದುಹೋಯಿತು, ಕಿಟಕಿಯ ಕಡೆ ಮುಖ ಮಾಡಿ ನಕ್ಕೆ. ಪೇಟೆಯ ಸ್ಟಾಪು ಬಂತು. ಕರ್ಚೀಫು ಬ್ರೇಕು ಒತ್ತಿದ. ಇವರ ಬಲಗಾಲು ನೆಲವನ್ನು ಒತ್ತಿತು, ಕೈ ನನ್ನ ಕೈಯನ್ನು ಬಲಕ್ಕೆ ಜಗ್ಗಿತು. ಮುಂದಿನ ಸ್ಟಾಪಿನಲ್ಲೂ ಜಗ್ಗಿತು. ಅದರ ಮುಂದಿನದರಲ್ಲೂ. ಅವರ ಕಣ್ಣು ಮುಚ್ಚಿತ್ತು.

ನನ್ನ ಕೈ ಹಿಡಿದಿದ್ದರು, ಓಡಿಸುತ್ತಿದ್ದದ್ದು ಅವಳನ್ನು. ಬಿಡಿಸಿಕೊಳ್ಳಬಹುದಿತ್ತು. ಆಸ್ಪತ್ರೆಯ ಏರು ಬರುವವರೆಗೂ ನಾನು ಕೈ ಹಾಗೇ ಕೊಟ್ಟುಕೊಂಡು ಕೂತೆ.